ವಿದೇಶಿ ಹಾಸ್ಟೆಲ್ ಬುಕಿಂಗಿಗೆ ಡೆಬಿಟ್ ಕಾರ್ಡ್ ನಡೆಯದಿದ್ದರೆ
ಖಾತೆಯಲ್ಲಿ ಹಣವಿದ್ದರೂ ಬ್ಯಾಂಕಾಕ್, ಹನೋಯ್ ಹಾಸ್ಟೆಲ್‌ಗಳಿಗೆ ನಿಮ್ಮ ಡೆಬಿಟ್ ಕಾರ್ಡ್ ನಡೆಯುತ್ತಿಲ್ಲವೆಂದರೆ, ಬಹುಶಃ ಅದರ ಅಂತರರಾಷ್ಟ್ರೀಯ ಬಳಕೆ ಬಂದ್ ಆಗಿದೆ. 2020ರ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡ್‌ಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿಗಳಿಗಷ್ಟೇ ತೆರೆದಿರುತ್ತವೆ.

ಬ್ಯಾಂಕಿನ ಆ್ಯಪ್‌ನಲ್ಲಿ ಆನ್‌ಲೈನ್, ಅಂತರರಾಷ್ಟ್ರೀಯ ಎರಡನ್ನೂ ತೆರೆದು, ಮಿತಿಯನ್ನು ಬುಕಿಂಗ್ ಮೊತ್ತಕ್ಕಿಂತ ತುಸು ಮೇಲಿಟ್ಟು ಮತ್ತೆ ಪ್ರಯತ್ನಿಸಿ. ಆಗಲೂ ಆಗದಿದ್ದರೆ ನಿಮ್ಮದು ರುಪೇ ಕಾರ್ಡ್ ಇರಬಹುದು. ಅನೇಕ ವಿದೇಶಿ ಜಾಲತಾಣಗಳು ಅದನ್ನು ಸ್ವೀಕರಿಸುವುದಿಲ್ಲ. ನಿಮ್ಮ ಬ್ಯಾಂಕ್ ಶಾಖೆಯಲ್ಲೇ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕೇಳಿ. ಅದು ಕೈಸೇರುವವರೆಗೆ, ತಲುಪಿದ ಮೇಲೆ ಹಣ ಕೊಡುವ ಹಾಸಿಗೆಗಳನ್ನೇ ಆರಿಸಿ.

ರೂಪಾಯಿಯಲ್ಲಿ ಪಾವತಿಸುವಿರಾ ಎಂದು ಪುಟ ಕೇಳಿದರೆ ಖಂಡಿತ ಒಪ್ಪಬೇಡಿ. ಅಲ್ಲಿನ ಹಣವಾದ ಬಾತ್ (ಥಾಯ್ಲೆಂಡ್) ಅಥವಾ ಡಾಂಗ್‌ನಲ್ಲೇ (ವಿಯೆಟ್ನಾಂ) ಕೊಡಿ, ಇಲ್ಲದಿದ್ದರೆ ಆ ಪುಟದ ವಿನಿಮಯ ದರ ನಿಮ್ಮ ಜೇಬಿಗೆ ಭಾರವಾಗುತ್ತದೆ. ಒಟಿಪಿ ಬರುವ ಸಿಮ್‌ಗೆ ಹೊರಡುವ ಮೊದಲೇ ರೋಮಿಂಗ್ ಹಾಕಿಸಿ.