ಮೀಟರ್ ಕೇಬಲ್ ಬುಡದಲ್ಲಿ ಆಯಿಲ್

ಪ್ರಶ್ನೆ: ನನ್ನ ಹಳೇ ರಾಜದೂತ್ 350 ಬೈಕಿನ ಆರ್‌ಪಿಎಂ ಮೀಟರ್ ಕೇಬಲ್ ಬುಡದಲ್ಲಿ ಆಯಿಲ್ ಒಸರುತ್ತಿದೆ. ಎಂ-ಸೀಲ್ ಮೆತ್ತಲೇ?
– ಓದುಗರು, ರಾಣೆಬೆನ್ನೂರು

ಉತ್ತರ: ಬ್ಯಾಡ್ರೀ ಸರ್! ಮುಂದೆ ಬಿಚ್ಚುವ ಮೆಕ್ಯಾನಿಕ್ ಬೈಯುತ್ತಾನೆ. ಎಂಜಿನ್ ಆರಿದ ಮೇಲೆ ಆ ಜಾಗ ಪೆಟ್ರೋಲಿನಿಂದ ತೊಳೆದು, ಒರೆಸಿ, ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ. ಒಂದು ರೌಂಡ್ ಹೊಡೆದು ಬಂದು ನೋಡಿ. ಹೌಸಿಂಗ್ (ಕೇಬಲ್ ಬುಡ ಕೂರುವ ಗೂಡು) ಸುತ್ತ ಪೌಡರ್ ಒದ್ದೆಯಾಗಿದ್ದರೆ ಅದರ ಓ-ರಿಂಗ್, ಅಂದ್ರೆ ರಬ್ಬರ್ ಬಳೆ, ಹೋಗಿದೆ. ಕೇಬಲ್ ಬಿಚ್ಚಿದಾಗ ಒಳತಂತಿಯೇ ಆಯಿಲ್‌ನಲ್ಲಿ ನೆನೆದಿದ್ದರೆ ಒಳತಂತಿ ತಿರುಗಿಸುವ ಶಾಫ್ಟಿನ ಸೀಲ್ (ಆಯಿಲ್ ತಡೆಯುವ ರಬ್ಬರ್ ಬಿಲ್ಲೆ) ಸವೆದಿದೆ. ಸುಮ್ನೆ ಬಿಟ್ಟರೆ ಗೇರ್ ಆಯಿಲ್ ಕೇಬಲ್ ಹಿಡಿದು ಮೀಟರಿಗೂ ಏರುತ್ತದೆ. ಹಳೇ ಸೀಲನ್ನೇ ಹುಬ್ಬಳ್ಳಿಯ ಬೇರಿಂಗ್ ಅಂಗಡಿಗೆ ಒಯ್ದು ಅಳತೆ ನೋಡಿ ತನ್ನಿ. ಕೂರಿಸುವಾಗ ಸೀಲಿನ ತೆರೆದ ಮುಖ ಆಯಿಲ್ ಕಡೆಗಿರಲಿ. ಶಾಫ್ಟ್ ಮೇಲೆ ಉಗುರು ಆಡಿಸಿ. ಗೀರು ತಾಗಿದರೆ ಹೊಸ ಸೀಲೂ ಜಾಸ್ತಿ ದಿನ ತಡೆಯಲ್ಲ. ಅಂದಹಾಗೆ, ಗೇರ್ ಆಯಿಲ್ ಅಳತೆಗಿಂತ ಜಾಸ್ತಿ ಸುರಿದಿಲ್ಲ ಅಲ್ವಾ?