ಅಮರಸುಳ್ಯ ದಂಗೆ: ರಾಜನಿಗಾಗಿಯೋ, ಕಂದಾಯಕ್ಕಾಗಿಯೋ?

1837ರಲ್ಲಿ ಅಮರಸುಳ್ಯದ, ಅಂದರೆ ಘಟ್ಟದ ಕೆಳಗಿನ ಸುಳ್ಯ ಸೀಮೆಯ ಜನ ಕಂಪನಿ ಸರ್ಕಾರದ ವಿರುದ್ಧ ಎದ್ದದ್ದು ಬರೀ ಕೊಡಗಿನ ರಾಜನ ಮೇಲಿನ ಅಭಿಮಾನಕ್ಕಾಗಿಯೇ ಎಂಬ ಮಾತು ನಿಮ್ಮ ಕಿವಿಗೆ ಬಿದ್ದಿರಬಹುದು. ಅಭಿಮಾನ ಇತ್ತು, ನಿಜ. ಆದರೆ ಬೆಂಕಿ ಹತ್ತಿದ್ದು ಕಂದಾಯದಿಂದ ಎಂದೇ ನಾನು ನಂಬಿದ್ದೇನೆ. 1834ರಲ್ಲಿ ಕೊಡಗಿನ ದೊರೆ ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ನುಂಗಿದ ಕಂಪನಿ ಸರ್ಕಾರ, ಘಟ್ಟದ ಕೆಳಗಿನ ಸುಳ್ಯ, ಪುತ್ತೂರು ಸೀಮೆಗಳನ್ನು ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಬೆಳೆದದ್ದರಲ್ಲೇ ಪಾಲು ಅಳೆದುಕೊಡುತ್ತಿದ್ದ ರೈತ ಇನ್ನು ನಗದು ಕಟ್ಟಬೇಕು. ನಗದು ಬೇಕೆಂದರೆ ಕೊಯ್ಲು ಮುಗಿದ ಕೂಡಲೇ ಸಿಕ್ಕ ಬೆಲೆಗೆ ಭತ್ತ ಮಾರಬೇಕು, ಇಲ್ಲವೇ ಸಾಲ ಎತ್ತಬೇಕು. ಕಚೇರಿಯ ಕಡತದಲ್ಲಿ ಒಂದು ಸಾಲಿನ ಬದಲಾವಣೆ, ಗದ್ದೆಯವನ ಕುತ್ತಿಗೆಗೆ ಉರುಳು.

ಕೆದಂಬಾಡಿ ರಾಮಯ್ಯಗೌಡರಂಥವರು ಕೊಡಗಿನ ರಾಜವಂಶದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರಲ್ಲಿ ಜನರನ್ನು ಕೂಡಿಸಿದರು. ಏಪ್ರಿಲ್‌ನಲ್ಲಿ ಮಂಗಳೂರೇ ಅವರ ಕೈಗೆ ಬಂತು, ಅಲ್ಲಿನ ಬಾವುಟಗುಡ್ಡದಲ್ಲಿ ಅವರ ಧ್ವಜ ಹಾರಿತು. ರೈತರ ದಂಡೊಂದು ಜಿಲ್ಲಾ ಕೇಂದ್ರವನ್ನೇ ಸುಮಾರು ಎರಡು ವಾರ ಹಿಡಿದಿಟ್ಟುಕೊಂಡದ್ದು ಸಣ್ಣ ಮಾತಲ್ಲ! ಹೊರಗಿನಿಂದ ಪಡೆ ಬಂದ ಮೇಲೆ ದಂಗೆ ಮುರಿಯಿತು, ಮುಂದಾಳುಗಳು ಗಲ್ಲಿಗೇರಿದರು.

ಇನ್ನೊಂದನ್ನು ಮರೆಯಬೇಡಿ. ಎಲ್ಲರೂ ಒಂದೇ ಕಡೆ ನಿಂತಿರಲಿಲ್ಲ. ಘಟ್ಟದ ಮೇಲಿನ ಅನೇಕ ಕೊಡವ ಮುಖಂಡರು ದಂಗೆ ಅಡಗಿಸಲು ಕಂಪನಿಗೆ ನೆರವಾದರು, ಅದಕ್ಕಾಗಿ ಚಿನ್ನ, ಬೆಳ್ಳಿಯ ಪದಕಗಳನ್ನೂ ಪಡೆದರು.