ಪವರ್ ಬಿಐ: ಖರೀದಿ, ಮಾರಾಟ ಎರಡೂ ಬೇರೆ ಟೇಬಲ್‌ನಲ್ಲಿದ್ದರೆ ಉಳಿಕೆ ತೆಗೆಯುವುದು ಹೇಗೆ?

ನಿಮ್ಮ ಕಷ್ಟ ಅರ್ಥವಾಯಿತು. ಪವರ್ ಬಿಐನಲ್ಲಿ (ಟೇಬಲ್‌ಗಳಿಂದ ರಿಪೋರ್ಟ್ ಮಾಡುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ಖರೀದಿ ಒಂದು ಟೇಬಲ್, ಮಾರಾಟ ಇನ್ನೊಂದು, ಎರಡನ್ನೂ ಮರ್ಜ್ ಮಾಡಿದರೆ, ಅಂದರೆ ಸೇರಿಸಿ ಒಂದೇ ಟೇಬಲ್ ಮಾಡಿದರೆ, ಒಟ್ಟು ಮೊತ್ತ ಸುಮ್ನೆ ಉಬ್ಬುತ್ತಿದೆ, ಅಲ್ವಾ? ನಾನು ಶಿವಮೊಗ್ಗದಲ್ಲಿ ಅಡಿಕೆ ಮಂಡಿಯೊಂದರ ಲೆಕ್ಕ ನೋಡಿಕೊಳ್ಳುತ್ತೇನೆ. ನನ್ನ ಮೊದಲ ರಿಪೋರ್ಟ್ ನೋಡಿ ಸಾಹುಕಾರರು, "ಇಷ್ಟು ಚೀಲ ಎಲ್ಲಿಟ್ಟಿದ್ದೀಯ ಮಾರಾಯ, ತೋರಿಸು" ಅಂದಿದ್ದರು.

ಆಗಿದ್ದು ಇಷ್ಟೇ. 'ರಾಶಿ' ಅನ್ನೋ ಬಗೆಯ ಅಡಿಕೆ ಮೂರು ಸಲ ಕೊಂಡಿದ್ದು: 10, 12, 8, ಅಂದರೆ 30 ಚೀಲ. ಎರಡು ಸಲ ಮಾರಿದ್ದು: 5, 7, ಅಂದರೆ 12. ಉಳಿಯಬೇಕಾದ್ದು 18. 'ರಾಶಿ' ಅನ್ನೋ ಹೆಸರಿನ ಮೇಲೆ ಮರ್ಜ್ ಮಾಡಿದ ಕೂಡಲೇ ಖರೀದಿಯ ಪ್ರತಿ ಸಾಲಿಗೂ ಮಾರಾಟದ ಎರಡೂ ಸಾಲು ಅಂಟಿಕೊಂಡು ಆರು ಸಾಲಾಯಿತು. ಖರೀದಿ 60, ಮಾರಾಟ 36, ಉಳಿಕೆ 24! ತಪ್ಪು ಅಂತ ಕಣ್ಣಿಗೂ ಕಾಣದಂಥ ಅಂಕಿ.

ಮರ್ಜ್ ಬಿಟ್ಟುಬಿಡಿ. 'ಬಗೆ' ಅಂತ ಮೂರನೇ ಟೇಬಲ್ ಮಾಡಿ: ಸರಕು, ಬೆಟ್ಟೆ, ರಾಶಿ, ಗೊರಬಲು, ಒಂದೊಂದು ಹೆಸರು ಒಂದೇ ಸಲ. ಅದರಿಂದ ಖರೀದಿಗೊಂದು, ಮಾರಾಟಕ್ಕೊಂದು ಒನ್-ಟು-ಮೆನಿ ಸಂಬಂಧ (ಇಲ್ಲಿನ ಒಂದು ಸಾಲಿಗೆ ಅಲ್ಲಿನ ಹಲವು ಸಾಲು) ಎಳೆಯಿರಿ. ಖರೀದಿಯನ್ನೂ ಮಾರಾಟವನ್ನೂ ನೇರವಾಗಿ ಜೋಡಿಸಬೇಡಿ. ಆಮೇಲೆ ಮೂರು ಮೆಷರ್ (ಲೆಕ್ಕದ ಸೂತ್ರ) ಬರೆಯಿರಿ: ಒಟ್ಟು ಖರೀದಿ, ಒಟ್ಟು ಮಾರಾಟ, ಮೊದಲನೆಯದರಲ್ಲಿ ಎರಡನೆಯದು ಕಳೆದರೆ ಉಳಿಕೆ.

ಇಲ್ಲಿ ಜಾಸ್ತಿ ಜನ ಎಡವುವುದು ವಿಶುವಲ್ (ರಿಪೋರ್ಟ್‌ನಲ್ಲಿ ಕಾಣುವ ಪಟ್ಟಿ, ಚಾರ್ಟ್) ಮಾಡುವಾಗ. ಅಡಿಕೆ ಹೆಸರನ್ನು 'ಬಗೆ' ಟೇಬಲ್‌ನಿಂದಲೇ ಎಳೆದು ಹಾಕಿ. ಮಾರಾಟದ ಟೇಬಲ್‌ನಲ್ಲೂ ಅದೇ ಹೆಸರಿದೆಯಲ್ಲ ಅಂತ ಅಲ್ಲಿಂದ ಹಾಕಿದರೆ ಫಿಲ್ಟರ್ ಖರೀದಿಯವರೆಗೆ ಹೋಗುವುದಿಲ್ಲ, ಎಲ್ಲ ಸಾಲಿನಲ್ಲೂ ಒಂದೇ ಖರೀದಿ ಮೊತ್ತ ಬಂದು ಕೂರುತ್ತದೆ.

ಖರೀದಿ ಚೀಲದಲ್ಲಿ, ಮಾರಾಟ ಕೆಜಿಯಲ್ಲಿ ಇದ್ದರೆ? ಒಂದು ಚೀಲಕ್ಕೆ ಎಷ್ಟು ಕೆಜಿ ಅಂತ 'ಬಗೆ' ಟೇಬಲ್‌ನಲ್ಲೇ ಬರೆದಿಡಿ, ಖರೀದಿಯ ಮೆಷರ್ ಹೀಗೆ ಬದಲಾಯಿಸಿ:

ಸಮ್ಎಕ್ಸ್(ಖರೀದಿ, ಖರೀದಿ[ಚೀಲ] * ರಿಲೇಟೆಡ್(ಬಗೆ[ಚೀಲದ ತೂಕ]))

(ಫಂಕ್ಷನ್ ಹೆಸರು ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು: SUMX, RELATED.) ಇದು 'ಬಗೆ' ಟೇಬಲ್‌ನಿಂದ ಆಯಾ ಅಡಿಕೆಯ ತೂಕ ತಂದು ಸಾಲು ಸಾಲಾಗಿ ಗುಣಿಸಿ ಕೊನೆಗೆ ಕೂಡಿಸುತ್ತದೆ. ಮೊದಲೇ ಎಲ್ಲ ಚೀಲ ಕೂಡಿಸಿ ಯಾವುದೋ ಒಂದು ತೂಕದಿಂದ ಗುಣಿಸಿದರೆ ಬೆಟ್ಟೆಯ ತೂಕ ರಾಶಿಯ ತಲೆಗೆ ಬೀಳುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ರಿಪೋರ್ಟ್‌ನಲ್ಲಿ ಹೆಸರಿಲ್ಲದ ಒಂದು ಖಾಲಿ ಸಾಲು ಬಂದರೆ, ಯಾರೋ 'ರಾಶಿ' ಬದಲು 'ರಾಸಿ' ಅಂತ ಹೊಡೆದಿರುತ್ತಾರೆ; 'ಬಗೆ' ಟೇಬಲ್‌ನಲ್ಲಿಲ್ಲದ ಹೆಸರಿನ ಲೆಕ್ಕವೆಲ್ಲ ಆ ಖಾಲಿ ಸಾಲಿಗೆ ಹೋಗುತ್ತದೆ. ನಮ್ಮಲ್ಲಿ ಹೊಡೆದವನು ನಾನೇ.

ಇನ್ನೊಂದು, ಬರೀ ಒಂದು ತಿಂಗಳಿಗೆ ಫಿಲ್ಟರ್ ಹಾಕಿದರೆ ಕಾಣುವುದು ಆ ತಿಂಗಳ ಖರೀದಿ-ಮಾರಾಟದ ವ್ಯತ್ಯಾಸ ಅಷ್ಟೇ, ಗೋದಾಮಿನ ದಾಸ್ತಾನಲ್ಲ. ದಾಸ್ತಾನು ಬೇಕಿದ್ದರೆ ಮೊದಲ ದಿನದಿಂದ ಆ ತಾರೀಖಿನವರೆಗೆ ಕೂಡಿಸುವ ಮೆಷರ್ ಬೇರೆ ಬರೆಯಬೇಕು. ನಿಮ್ಮದು ಯಾವುದು ಅಂತ ಹೇಳಿ, ಅದನ್ನೂ ಹಾಕುತ್ತೇನೆ.